ಸೂರ್ಯನನ್ನು ನೋಡಿದ ಕ್ಯಾಮೆರಾ

ಪಾಠ ಯಾವುದೇ ಇರಲಿ, ಪುಸ್ತಕದ ಮೊದಲ ಪುಟದಿಂದಲೇ ಆರಂಭವಾಗಬೇಕು ಎಂಬುದು ರಮಾಮಣಿ ಟೀಚರ ಶಾಸನ. ಕಾರ್ಕಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು, ಬೆಳಕಿನ ಪಾಠದ ನಡುವೆ ವಿದ್ಯುತ್ತಿನ ಪ್ರಶ್ನೆ ಎತ್ತಿದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಆದ್ದರಿಂದ, ಎಂಬತ್ತೇಳರ ಡಿಸೆಂಬರಿನ ಆ ಶನಿವಾರ ಮಧ್ಯಾಹ್ನ, ಉಡುಪಿಯಿಂದ ಕಾಪುವಿಗೆ ಹೋಗುವ ಬಸ್ಸಿನಲ್ಲಿ, ಕೊಳ್ಳಲು ಹೊರಟ ವೀಡಿಯೋ ಕ್ಯಾಮೆರಾದ ವಿಷಯದಲ್ಲಿ ಮುಖ್ಯವಾಗಿ ಜಾಗ್ರತೆ ವಹಿಸಬೇಕಾದದ್ದು ಏನೆಂದು ತಮ್ಮ ವಿಠಲ ಕೇಳಿದಾಗ, ಅವರು ಮಾರುವವರಿಂದ ಮೊದಲೇ ತರಿಸಿಕೊಂಡಿದ್ದ ಇಂಗ್ಲಿಷ್ ಕೈಪಿಡಿಯನ್ನು ಮಡಿಲಲ್ಲಿ ನೆಟ್ಟಗೆ ಮಾಡಿಕೊಂಡು, "ಎಲ್ಲ ಕ್ರಮವಾಗಿ ಬರುತ್ತದೆ" ಎಂದಷ್ಟೇ ಹೇಳಿದರು.

ವಿಠಲನಿಗೆ ಕ್ರಮಕ್ಕಾಗಿ ಕಾಯುವಷ್ಟು ತಾಳ್ಮೆ ಉಳಿದಿರಲಿಲ್ಲ. ಉಡುಪಿಯ ಬಡಗುಪೇಟೆಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಮದುವೆ, ಉಪನಯನ, ಷಷ್ಟಿಪೂರ್ತಿಗಳಿಗೆ ವಿಠಲನ ಫೋಟೋ ಎಂದರೆ ಒಂದು ಕಾಲಕ್ಕೆ ಮರುಮಾತಿರಲಿಲ್ಲ. ಆದರೆ ಕೊಲ್ಲಿ ರಾಷ್ಟ್ರಗಳಿಂದಲೂ ಬೊಂಬಾಯಿಯಿಂದಲೂ ವೀಡಿಯೋ ಕ್ಯಾಸೆಟ್ಟುಗಳು ಊರಿಗೆ ಬರತೊಡಗಿದ ಮೇಲೆ, ಜನರಿಗೆ ನಿಂತ ಚಿತ್ರ ಸಪ್ಪೆಯೆನಿಸಿತು. ನಡೆಯುವ ವಧು ಬೇಕು, ನಗುವ ಬೀಗರು ಬೇಕು. ಜನವರಿಯಲ್ಲಿ ಕುಕ್ಕುಂದೂರಿನಲ್ಲಿ ನಡೆಯಲಿದ್ದ ದೊಡ್ಡದೊಂದು ಮದುವೆಯ ಯಜಮಾನರು ಅವನನ್ನು ಕರೆಸಿ, ವೀಡಿಯೋ ಇದ್ದರೆ ಮಾತ್ರ ಬರಬೇಕು, ಎರಡು ಕೆಲಸಕ್ಕೆ ಎರಡು ಜನರನ್ನು ಕಟ್ಟಿಕೊಳ್ಳಲು ತಮಗೆ ಪುರುಸೊತ್ತಿಲ್ಲ ಎಂದು ತಿಳಿಸಿಬಿಟ್ಟಿದ್ದರು. ಆ ಮನೆಯ ಕೆಲಸ ತಪ್ಪಿದರೆ ಅವರ ನೆಂಟರಿಷ್ಟರ ಹತ್ತು ಮನೆಗಳ ಕೆಲಸವೂ ತಪ್ಪುತ್ತದೆ ಎಂಬುದು ವಿಠಲನಿಗೆ ಗೊತ್ತಿತ್ತು. ತನ್ನ ಹಳೆಯ ಕ್ಯಾಮೆರಾಗಳಲ್ಲಿ ಒಳ್ಳೆಯದನ್ನೇ ಮಾರಿ ಅವನು ಈ ದಿನಕ್ಕೆ ಸಿದ್ಧನಾಗಿದ್ದ. ಒಂದು ಯಂತ್ರ ಕೊಳ್ಳುವಷ್ಟು ಶಕ್ತಿ ಅವನಿಗಿತ್ತು, ಎರಡನೆಯದಕ್ಕೆ ಇರಲಿಲ್ಲ. ಆಯ್ಕೆ ತಪ್ಪಿದರೆ ಸ್ಟುಡಿಯೋದ ಬಾಗಿಲು ಮುಚ್ಚುವುದೊಂದೇ ಬಾಕಿ.

ಮಾರುವವರು ಕಾಪುವಿನ ಅಪೊಲೋನಿಯಾ ಬಾಯಿ. ಕಡಲಿಗೆ ಮುಖ ಮಾಡಿದ ಮನೆ. ಮಗ ಇಮ್ಯಾನುಯೆಲ್, ತಾಯಿಗೆ ಎಮ್ಮಾನು, ಬಹ್ರೈನಿನಲ್ಲಿದ್ದ. ಅವನು ಊರಿಗೆ ಬರುವವರ ಕೈಯಲ್ಲಿ ಎರಡು ಕ್ಯಾಮೆರಾಗಳನ್ನು ಕಳುಹಿಸಿ, ಎರಡನ್ನೂ ತಾಯಿಯೇ ಮಾರಿಕೊಡಬೇಕೆಂದು ಹೇಳಿ ಕಳುಹಿಸಿದ್ದ. ಒಂದು ಹೊಚ್ಚ ಹೊಸತು. ಇನ್ನೊಂದು ಅವನೇ ಕೆಲಕಾಲ ಬಳಸಿದ್ದು, ಆದರೆ ಬೆಲೆಬಾಳುವಂಥದ್ದು. ಮೊದಲು ಬಂದವರು ವಿಠಲನ ಕಡೆಯವರಾದ್ದರಿಂದ ಆಯ್ಕೆ ಅವರದು. ಅವರು ಬಿಟ್ಟದ್ದನ್ನು ಪಡುಬಿದ್ರಿಯ ವೀಡಿಯೋ ಲೈಬ್ರರಿಯ ಯಜಮಾನ ಮರುದಿನ ಚರ್ಚಿನ ಪೂಜೆ ಮುಗಿದೊಡನೆ ಬಂದು ಒಯ್ಯುವುದೆಂದು ಮಾತಾಗಿತ್ತು.

ಅಡುಗೆಮನೆಯಲ್ಲಿ ಕ್ರಿಸ್ಮಸ್ಸಿನ ತಿಂಡಿಗಳ ಸಿದ್ಧತೆ ನಡೆದಿತ್ತು. ಹಿಟ್ಟಿನ ಕೈಯಲ್ಲೇ ಹೊರಬಂದ ಬಾಯಿ ಊಟದ ಮೇಜಿನ ಮೇಲಿದ್ದ ಎರಡು ಯಂತ್ರಗಳನ್ನು ತೋರಿಸಿದರು.

"ಎಮ್ಮೆಯಾದರೆ ಹಾಲು ಕರೆದು ತೋರಿಸುತ್ತಿದ್ದೆ," ಎಂದರು. "ಇದನ್ನು ನೀವೇ ಕರೆದು ನೋಡಿ ಟೀಚರ್. ನನಗೆ ಎರಡೂ ಒಂದೇ."

ಬಾಯಿ ಒಳಗೆ ಹೋದ ಮೇಲೆ ರಮಾಮಣಿ ಕೈಪಿಡಿಯ ಮೊದಲ ಪುಟ ತೆರೆದರು. ಎರಡೂ ಯಂತ್ರಗಳು ಹೆಗಲ ಮೇಲೆ ಹೊರುವಂಥವು. ಎರಡರ ಹೊಟ್ಟೆಗೂ ಮನೆಯ ವಿಸಿಆರಿಗೆ ಹಾಕುವ ಅದೇ ದೊಡ್ಡ ಕ್ಯಾಸೆಟ್ಟೇ ಆಹಾರ. ಒಳಗೆ ಒಂದು ಉರುಟಾದ ಲೋಹದ ಡೋಲು ಓರೆಯಾಗಿ ನಿಂತು ಭರದಿಂದ ತಿರುಗುತ್ತದೆ, ಟೇಪು ಅದನ್ನು ಸುತ್ತಿಕೊಂಡು ಮೆಲ್ಲನೆ ಸರಿಯುತ್ತದೆ, ಡೋಲಿನಂಚಿನ ಪುಟ್ಟ ಕಾಂತಗಳು ಟೇಪಿನ ಮೇಲೆ ಓರೆ ಗೆರೆಗಳನ್ನು ಬರೆಯುತ್ತ ಹೋಗುತ್ತವೆ, ಒಂದೊಂದು ಗೆರೆಯೂ ಚಿತ್ರದ ಒಂದೊಂದು ಪಾಲು ಎಂದು ಅವರು ವಿವರಿಸಿದರು. ಅಷ್ಟರ ಮಟ್ಟಿಗೆ ಎರಡಕ್ಕೂ ಭೇದವಿಲ್ಲ. ಭೇದವಿರುವುದು ಕಣ್ಣಿನಲ್ಲಿ. ಹಳೆಯದರ ಕಣ್ಣು ಒಂದು ಗಾಜಿನ ಟ್ಯೂಬು. ಲೆನ್ಸಿನಿಂದ ಬಂದ ಬಿಂಬ ಅದರ ಮುಖದ ಒಳಲೇಪದ ಮೇಲೆ ಬೀಳುತ್ತದೆ. ಬೆಳಕು ಬಿದ್ದಲ್ಲಿ ಲೇಪ ವಿದ್ಯುತ್ತನ್ನು ಹಿಡಿಯುತ್ತದೆ. ಹಿಂದಿನಿಂದ ಇಲೆಕ್ಟ್ರಾನುಗಳ ಕಿರಣವೊಂದು, ಮಗು ಬೆರಳಿಟ್ಟು ಓದುವಂತೆ, ಸಾಲು ಸಾಲಾಗಿ ಅದನ್ನು ಓದಿಕೊಳ್ಳುತ್ತದೆ. ಹೊಸದರಲ್ಲಿ ಟ್ಯೂಬಿಲ್ಲ. ಉಗುರಿನಷ್ಟಗಲದ ಒಂದು ಸಿಲಿಕಾನ್ ಚಿಪ್ಪು, ಅದರ ತುಂಬ ಬೆಳಕಿನ ಚುಕ್ಕೆಗಳನ್ನು ಹಿಡಿಯುವ ಸಣ್ಣ ಸಣ್ಣ ಮನೆಗಳು.

ವಿಠಲ ಎರಡನ್ನೂ ಸರದಿಯಲ್ಲಿ ಬಾಯಿಯ ಬಣ್ಣದ ಟೀವಿಗೆ ಜೋಡಿಸಿ ಪರೀಕ್ಷಿಸಿದ. ಗೋಡೆಯ ಕ್ಯಾಲೆಂಡರಿನ ಕೆಂಪನ್ನು ಹಳೆಯದು ಹೆಚ್ಚು ಗಾಢವಾಗಿ ತೋರಿಸಿತು. ಕತ್ತಲೆಯ ಮೂಲೆಯಲ್ಲಿಯೂ ಅದರ ಕಣ್ಣೇ ಚುರುಕು. ಹೊಸದು ಅಲ್ಲಿ ರವೆ ಚೆಲ್ಲಿದ ಹಾಗೆ ಮಸುಕಾಯಿತು. ಆದರೆ ರಮಾಮಣಿ ಮೇಣದ ಬತ್ತಿಯನ್ನು ಹಚ್ಚಿ ಅತ್ತಿತ್ತ ಆಡಿಸಿದಾಗ, ಹಳೆಯದರ ಚಿತ್ರದಲ್ಲಿ ಜ್ವಾಲೆಯ ಹಿಂದೆ ಬೆಳಕಿನ ಬಾಲವೊಂದು ಎಳೆದುಕೊಂಡು ಹೋಯಿತು. ಹೊಸದರಲ್ಲಿ ಜ್ವಾಲೆ ಜ್ವಾಲೆಯಾಗಿಯೇ ಇತ್ತು. ಆರತಿ, ಹೋಮ, ದೀಪಗಳಿಲ್ಲದ ಮದುವೆ ಎಲ್ಲುಂಟು? ಪ್ರತಿಯೊಂದು ದೀಪಕ್ಕೂ ಬಾಲ ಬಂದರೆ ಜನ ನಗುತ್ತಾರೆ. ಕತ್ತಲೆಗೆ ಹೇಗೂ ತಾನೇ ದೊಡ್ಡ ಲೈಟು ಹಿಡಿಸುತ್ತೇನೆ ಎಂದು ಲೆಕ್ಕ ಹಾಕಿದ ವಿಠಲನ ಮನಸ್ಸು ಹೊಸದರ ಕಡೆಗೆ ವಾಲಿತು. ಆದರೂ ಗಾಢವಾದ ಆ ಬಣ್ಣ ಅವನನ್ನು ಬಿಡಲಿಲ್ಲ. ಹೊರಗಿನ ಬೆಳಕಿನಲ್ಲಿ ಹಳೆಯದನ್ನು ಇನ್ನೊಮ್ಮೆ ನೋಡಿ ನಿಶ್ಚಯಿಸುತ್ತೇನೆಂದು ಅದನ್ನು ಹೆಗಲಿಗೇರಿಸಿ ಜಗಲಿಗೆ ನಡೆದ. ರಮಾಮಣಿ ಬ್ಯಾಟರಿಯ ಅಧ್ಯಾಯವನ್ನು ಮುಗಿಸುವುದಕ್ಕಾಗಿ ಮೇಜಿನ ಬಳಿಯೇ ಉಳಿದರು.

ಹೊತ್ತು ಇಳಿಯುತ್ತಿತ್ತು. ಕಡಲಿನ ಮೇಲೆ ಸೂರ್ಯ ಇನ್ನೂ ಕೆಂಪಾಗದೆ, ಕಾಯಿಸಿದ ತಟ್ಟೆಯಂತೆ ಉರಿಯುತ್ತಿದ್ದ. ಕಾಪುವಿನ ಕಡಲ ದಂಡೆಯಲ್ಲಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡ ವಧೂವರರ ಕಪ್ಪು ಆಕೃತಿಗಳು: ವಿಠಲನ ಆಲ್ಬಮ್ಮುಗಳ ಕೊನೆಯ ಹಾಳೆ ಎಂದರೆ ಅದೇ. ಫಿಲ್ಮಿನ ಕ್ಯಾಮೆರಾಕ್ಕೆ ಸೂರ್ಯನೆಂದರೆ ಭಯವಿಲ್ಲ. ಅದರ ಶಟರು ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆದು ಮುಚ್ಚಿದರೆ ಮುಗಿಯಿತು. ವರ್ಷಗಟ್ಟಲೆ ಅದೇ ಅಭ್ಯಾಸದಲ್ಲಿ ಬೆಳೆದ ಕೈ, ಯೋಚನೆಗೆ ಎಡೆಯೇ ಇಲ್ಲದೆ, ಕ್ಯಾಮೆರಾವನ್ನು ಸೂರ್ಯನ ಮೇಲೆ ನಿಲ್ಲಿಸಿತು. ನಿಲ್ಲಿಸಿದ್ದಷ್ಟೇ ಅಲ್ಲ, ಕಡಲ ಬಂಡೆಯ ಮೇಲಿನ ದೀಪಸ್ತಂಭದ ಕಡೆಗೆ ನಿಧಾನವಾಗಿ ತಿರುಗಿಸಿತು.

"ಅಕ್ಕ," ಎಂದು ಅವನು ಕರೆದ ಧ್ವನಿ ರಮಾಮಣಿಗೆ ಹೊಸದಾಗಿ ಕೇಳಿಸಿತು. ಸಣ್ಣವನಾಗಿದ್ದಾಗ ಬಾವಿಗೆ ಕೊಡಪಾನ ಬೀಳಿಸಿದ ದಿನ ಅವನು ಹಾಗೆ ಕರೆದಿದ್ದ.

ಅವರು ಹೊರಗೆ ಬರುವಷ್ಟರಲ್ಲಿ ಅವನು ಒಂದು ಕಣ್ಣನ್ನು ಉಜ್ಜುತ್ತಿದ್ದ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಕಪ್ಪು ಬೊಟ್ಟು, ಬೊಟ್ಟಿಗೊಂದು ಬಾಲ. ತನ್ನ ಕಣ್ಣೇ ಸೂರ್ಯನಿಂದ ಕೋರೈಸಿದೆ ಎಂದು ಅವನು ಮೊದಲು ತಿಳಿದುಕೊಂಡಿದ್ದ. ಆಮೇಲೆ ಲೆನ್ಸನ್ನು ಒರೆಸಿದ. ಕಿಂಡಿಯ ಗಾಜನ್ನು ಒರೆಸಿದ. ತೆಂಗಿನ ಮರದ ಕಡೆಗೆ ತಿರುಗಿಸಿದರೆ ಮರದ ಮೇಲೆ ಬೊಟ್ಟು, ಬಾವಿಯ ಕಡೆಗೆ ತಿರುಗಿಸಿದರೆ ಬಾವಿಯ ಮೇಲೆ ಬೊಟ್ಟು. ಒಳಗೆ ಬಂದು ಟೀವಿಗೆ ಜೋಡಿಸಿದಾಗ ಅದು ಇನ್ನೂ ಸ್ಪಷ್ಟವಾಯಿತು. ಚಿತ್ರದ ನಡುವಿನಿಂದ ಬಲಕ್ಕೆ, ಹಸಿರು ಮಿಶ್ರಿತ ಕಪ್ಪಿನ ಒಂದು ಗಾಯ, ಎಲ್ಲಿ ನೋಡಿದರೂ ಅದೇ ಜಾಗದಲ್ಲಿ.

ರಮಾಮಣಿಗೆ ತಕ್ಷಣ ಅರ್ಥವಾಯಿತು. ಸೂರ್ಯನ ಬಿಂಬ ಆ ಟ್ಯೂಬಿನ ಲೇಪವನ್ನು ಸುಟ್ಟುಬಿಟ್ಟಿತ್ತು.

ಅಡುಗೆಮನೆಯಿಂದ ಎಣ್ಣೆ ಚೊರಗುಟ್ಟುವ ಸದ್ದು ಬರುತ್ತಿತ್ತು. ವಿಠಲ ಸ್ವರ ತಗ್ಗಿಸಿ, ಮಣಿಪಾಲದ ಡಾಕ್ಟರೊಬ್ಬರ ಮನೆಯಲ್ಲಿ ಇಂಥದೇ ಕ್ಯಾಮೆರಾ ಇದೆಯೆಂದೂ, ಕಲೆ ಬಿದ್ದರೆ ಬರಿಯ ಬಿಳಿ ಗೋಡೆಯನ್ನು ತೋರಿಸುತ್ತ ಇಟ್ಟರೆ ಮೆಲ್ಲನೆ ಮಾಸುತ್ತದೆಂದು ಅವರು ಹೇಳಿದ್ದನ್ನು ಕೇಳಿದ್ದೇನೆಂದೂ ಹೇಳಿದ. ಸುಣ್ಣ ಬಳಿದ ಗೋಡೆಯ ಎದುರು ಕುರ್ಚಿಯಿಟ್ಟು, ಅದರ ಮೇಲೆ ಕ್ಯಾಮೆರಾವನ್ನು ಕೂರಿಸಿದ. ಇಬ್ಬರೂ ಟೀವಿಯ ತೆರೆಯನ್ನು ನೋಡುತ್ತ ನಿಂತರು. ಬೆಳ್ಳಗಿನ ತೆರೆ, ನಡುವೆ ಗಾಯ. ಅದು ತುಸು ತೆಳುವಾದಂತೆ ಕಾಣುತ್ತಿತ್ತು, ಮತ್ತೆ ಮೊದಲಿನಂತೆಯೇ ಇದೆಯೆನಿಸುತ್ತಿತ್ತು. ರೋಗಿಯ ಎದೆ ಏರಿಳಿಯುವುದನ್ನು ನೋಡುವವರ ಹಾಗೆ ಅಕ್ಕ ತಮ್ಮಂದಿರು ಅದನ್ನೇ ಕಾಯುತ್ತಿದ್ದರು.

"ಇದು ಹೋಗುವುದಲ್ಲ," ಎಂದರು ರಮಾಮಣಿ. "ಬಾಯಿಗೆ ಹೇಳು."

"ಹೇಳಿದರೆ ಇದನ್ನೇ ಹೊತ್ತುಕೊಂಡು ಹೋಗಬೇಕು ಅಕ್ಕ. ನಾವು ಹೇಗೂ ಹೊಸದನ್ನು ತೆಗೆದುಕೊಳ್ಳುವುದು. ಸುಮ್ಮನಿರು ಮಾರಾಯ್ತಿ. ಇದು ಮೊದಲೇ ಇತ್ತೋ ಈಗ ಬಂತೋ, ಯಾರಿಗೆ ಗೊತ್ತುಂಟು?"

"ನಿನಗೆ ಗೊತ್ತುಂಟು."

ಯಾರಿಗೂ ಗೊತ್ತಾಗುವುದಿಲ್ಲ ಎಂಬ ಈ ಮಾತನ್ನು ಕೇಳಿದರೆ ರಮಾಮಣಿಯ ಮೈ ಉರಿಯುತ್ತಿತ್ತು. ನಕಲು ಹೊಡೆಯುವ ಹುಡುಗನೂ ಇದನ್ನೇ ಹೇಳುತ್ತಾನೆ, ತೂಕದಲ್ಲಿ ಕಡಿಮೆ ಮಾಡುವ ವ್ಯಾಪಾರಿಯೂ ಇದನ್ನೇ ಹೇಳುತ್ತಾನೆ. ಲೋಕದ ಕಣ್ಣಿಗೆ ಬೀಳದ ತಪ್ಪು ತಪ್ಪೇ ಅಲ್ಲವೆಂದಾದರೆ, ಕಳ್ಳನಿಗೂ ಸಜ್ಜನನಿಗೂ ಇರುವ ಅಂತರ ಒಂದು ಕಿಟಕಿಯ ಪರದೆಯಷ್ಟೇ ಆಯಿತಲ್ಲ! ಗಂಡನಿಲ್ಲದ, ಯಂತ್ರದ ಗಂಧಗಾಳಿಯಿಲ್ಲದ ಹೆಂಗಸು ನಂಬಿ ಮನೆಯೊಳಗೆ ಬಿಟ್ಟಿದ್ದಾಳೆ. ತನ್ನ ಒಡಹುಟ್ಟಿದವನು ಅವಳ ಎಣ್ಣೆಯ ಸದ್ದಿನ ಮರೆಯಲ್ಲಿ ಗೋಡೆಗೆ ಕ್ಯಾಮೆರಾ ತೋರಿಸುತ್ತ ನಿಂತಿದ್ದಾನೆ. ಅವರು ಇವೆಲ್ಲವನ್ನೂ ತರಗತಿಯ ಸ್ವರದಲ್ಲಿ ಹೇಳಹೊರಟರು.

ಅಷ್ಟರಲ್ಲಿ ವಿಠಲ ಅವರ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತ ಕೇಳಿದ: "ಅದರಲ್ಲಿ ಸೂರ್ಯನ ಸುದ್ದಿ ಉಂಟಾ?"

ರಮಾಮಣಿ ಪುಸ್ತಕವನ್ನು ಮುಚ್ಚಿದರು. "ಉಂಟು. ಕೊನೆಯ ಪುಟದಲ್ಲಿ."

"ನೀನು ಓದಿದ್ದೆಯಾ?"

"ಓದಿದ್ದೆ."

"ನಾನು ಬಸ್ಸಿನಲ್ಲಿ ಕೇಳಿದೆ ಅಲ್ವಾ ಅಕ್ಕ?"

ಅವನು ಗದರಲಿಲ್ಲ. ಗದರಿದ್ದರೆ ಅವರಿಗೆ ಉತ್ತರವಿರುತ್ತಿತ್ತು. ಕ್ಯಾಮೆರಾವನ್ನು ಎಂದಿಗೂ ಸೂರ್ಯನಿಗೆ ತೋರಿಸಬಾರದು, ಬಳಸದಿರುವಾಗಲೂ ಲೆನ್ಸಿನ ಮುಚ್ಚಳ ಹಾಕಿಯೇ ಇಡಬೇಕು ಎಂಬ ದಪ್ಪಕ್ಷರದ ಸಾಲುಗಳನ್ನು ಅವರು ಹಿಂದಿನ ದಿನವೇ ಓದಿ, ತಲೆಯಲ್ಲಿ ಇಟ್ಟುಕೊಂಡಿದ್ದರು. ಕೊನೆಯ ಪುಟದ್ದಾದ್ದರಿಂದ ಕೊನೆಯಲ್ಲಿ ಹೇಳುವುದೆಂದು ಇಟ್ಟುಕೊಂಡಿದ್ದರು. ಕಲಿಸುವವನ ಕ್ರಮ ಕಲಿಯುವವನ ಅಗತ್ಯಕ್ಕಿಂತ ದೊಡ್ಡದೆಂದು ಅವರು ಇಷ್ಟು ವರ್ಷ ನಂಬಿದ್ದರು. ಆ ನಂಬಿಕೆಯ ಫಲ ಈಗ ಬೆಳ್ಳಗಿನ ತೆರೆಯ ಮೇಲೆ ಕಣ್ಣೆದುರಿಗೇ ಇತ್ತು. ತಮ್ಮನ ಮೇಲಿನ ಕೋಪಕ್ಕೆ ನಿಲ್ಲಲು ನೆಲವಿಲ್ಲದೆ ಹೋಯಿತು. ಬಾಯಿಗೆ ನಿಜ ಹೇಳುವುದಾದರೆ ಈಗ ಪೂರ್ತಿ ನಿಜವನ್ನೇ ಹೇಳಬೇಕು. ಟೀಚರೇ ಹೇಳದೆ ಬಿಟ್ಟದ್ದು ಎಂದೂ ಸೇರಿಸಿ ಹೇಳಬೇಕು. ವಿಠಲನ ಅರ್ಧವನ್ನು ಹೇಳುವಂತೆ ಒತ್ತಾಯಿಸಲು ಸುಲಭವಾಗಿದ್ದ ನಾಲಿಗೆ, ತನ್ನ ಅರ್ಧದ ಮುಂದೆ ಬಂದಾಗ ಸುಮ್ಮನಾಯಿತು.

ಆ ಹೊತ್ತಿಗೆ ಬಾಯಿ ನೆವ್ರಿಯ ತಟ್ಟೆ ಹಿಡಿದು ಬಂದರು; ತೆಂಗು ಬೆಲ್ಲದ ಹೂರಣದ ಬಿಸಿ ಕರಿಗಡುಬು. ಕ್ಯಾಮೆರಾ ಗೋಡೆಯನ್ನು ದಿಟ್ಟಿಸುತ್ತಿರುವುದನ್ನು ಕಂಡು, ಅಲ್ಲಿ ಎಂತ ಸಿನೆಮಾ ಉಂಟೆಂದು ನಗೆಯಾಡಿದರು. ವಿಠಲ ಬೆನ್ನಿನಿಂದ ಟೀವಿಯನ್ನು ಮರೆಮಾಡಿ, ಕೈ ಹಿಂದೆ ಮಾಡಿ ಅದರ ಗುಂಡಿ ಒತ್ತಿ ಆರಿಸಿದ. ಬಿಳಿಯ ಮೇಲೆ ಬಣ್ಣದ ಪರೀಕ್ಷೆ ಮಾಡುತ್ತಿದ್ದೇವೆ ಎಂದ. ರಮಾಮಣಿ ತಟ್ಟೆಯಿಂದ ಒಂದು ನೆವ್ರಿಯನ್ನು ಎತ್ತಿಕೊಂಡರು.

ಯಾವುದು ಆಯಿತು ಎಂದು ಬಾಯಿ ಕೇಳಿದರು. ಹೊಸದು ಎಂದ ವಿಠಲ. ಹಾಗಾದರೆ ಹಳೆಯದು ಪಡುಬಿದ್ರಿಯವರಿಗೆ, ದೇವರು ದೊಡ್ಡವನು ಎಂದು ಅವರು ಎದುರು ಕುಳಿತು ಮಾತಿಗಿಳಿದರು. ಸಾಮಾನು ಮಾರುವುದೆಂದರೆ ಈಗ ಅವರಿಗೆ ಭಯ. ಹೋದ ವರ್ಷ ಮಗ ಕಳುಹಿಸಿದ ಟೇಪ್ ರೆಕಾರ್ಡರೊಂದನ್ನು ಕೊಂಡವನು, ತಾನೇ ಬೀಳಿಸಿ ಒಡೆದು, ಮೊದಲೇ ಹಾಳಾದದ್ದನ್ನು ಕೊಟ್ಟರೆಂದು ಇಗರ್ಜಿಯ ಅಂಗಳದಲ್ಲಿ, ಪೂಜೆ ಬಿಟ್ಟ ಜನರೆಲ್ಲ ನಿಂತಿರುವಾಗ ಅವರ ಮೇಲೆ ಕೂಗಾಡಿದ್ದ. ಅಂದಿನಿಂದ ಬಾಯಿ ಎರಡನೆಯ ಪೂಜೆಗೆ ಹೋಗುವುದನ್ನು ಬಿಟ್ಟು, ಜನ ಕಡಿಮೆಯಿರುವ ಬೆಳಗಿನ ಪೂಜೆಗೆ ಹೋಗುತ್ತಿದ್ದರು. ಹಾಗಾಗಿಯೇ ಈ ಸಲ, ಕೊಳ್ಳುವವರು ಎಷ್ಟು ಹೊತ್ತು ಬೇಕಾದರೂ ನೋಡಲಿ, ಓದಿದವರು ನೋಡಲಿ ಎಂದು ಅವರು ಟೀಚರನ್ನು ಕರೆತರಲು ಹೇಳಿದ್ದು.

"ಟೀಚರೇ ನೋಡಿದ್ದಾರೆ ಎಂದರೆ ನಾಳೆ ಪಡುಬಿದ್ರಿಯವರು ಬಾಯಿ ತೆರೆಯಲಿಕ್ಕಿಲ್ಲ," ಎಂದು ಅವರು ಸಮಾಧಾನದಿಂದ ಹೇಳಿದರು.

ರಮಾಮಣಿ ತಮ್ಮನತ್ತ ನೋಡಿದರು. ಅವನು ನೆಲ ನೋಡುತ್ತಿದ್ದ.

ಆಮೇಲೆ ಬಾಯಿ ಸ್ವಲ್ಪ ಸಂಕೋಚದಿಂದ ಒಂದು ಉಪಕಾರ ಕೇಳಿದರು. ಎರಡೂ ಯಂತ್ರಗಳು ಮನೆಯಿಂದ ಹೋಗುವ ಮೊದಲು ತಮ್ಮದೊಂದು ಚಿತ್ರ ಆಗಬೇಕು. ಬಹ್ರೈನಿಗೆ ಹಿಂದಿರುಗುವ ನೆರೆಯವರೊಬ್ಬರು ಕ್ಯಾಸೆಟ್ಟು ಒಯ್ಯಲು ಒಪ್ಪಿದ್ದಾರೆ. ಮಗನಿಗೆ ಅಮ್ಮ ಮಾತಾಡುವುದನ್ನು ನೋಡಿದ ಹಾಗಾಗುತ್ತದೆ. ಆಗಲಿ ಎಂದು ವಿಠಲ ಹೊಸ ಕ್ಯಾಮೆರಾಕ್ಕೆ ಕೈ ಹಾಕಿದ. ಬಾಯಿ ತಡೆದರು.

"ಅದರಲ್ಲಿ ಬೇಡ. ಹಳೆಯದರಲ್ಲಿ ತೆಗಿ ಮಗಾ. ಎಮ್ಮಾನು ಅದರಲ್ಲೇ ಅವನ ಹೆಂಡತಿ ಮಕ್ಕಳನ್ನು ತೆಗೆದು ಕಳುಹಿಸಿದ್ದು. ಎಷ್ಟು ಚಂದ ಬಂದಿದೆ ಗೊತ್ತುಂಟಾ, ಕನ್ನಡಿಯ ಹಾಗೆ. ಅದೇ ಕಣ್ಣಿನಲ್ಲಿ ಅವನು ನನ್ನನ್ನೂ ನೋಡಬೇಕು."

ಕನ್ನಡಿಯ ಹಾಗೆ. ಹಾಗಾದರೆ ಆ ಯಂತ್ರಕ್ಕೆ ಮೊದಲು ಕಲೆಯಿರಲಿಲ್ಲ ಎಂಬುದಕ್ಕೆ ಬಾಯಿಯ ಕಪಾಟಿನಲ್ಲಿರುವ ಮಗನ ಕ್ಯಾಸೆಟ್ಟೇ ಸಾಕ್ಷಿ. ಮೊದಲೇ ಇತ್ತೋ ಏನೋ ಎಂಬ ವಿಠಲನ ಆಸರೆಯೂ ಮುರಿದುಬಿತ್ತು. ಬಾಯಿ ಸೀರೆ ಬದಲಿಸಲು ಒಳಗೆ ಹೋದರು.

ಬಾಗಿಲು ಹಾಕಿದೊಡನೆ ರಮಾಮಣಿ, ಅವರು ಹೊರಬಂದ ಕೂಡಲೇ ತಾವೇ ಹೇಳುವುದಾಗಿ ತಿಳಿಸಿದರು. ವಿಠಲ ಕೈ ಮುಗಿದ. ಕುಕ್ಕುಂದೂರಿನವರಿಗೆ ಏನು ಹೇಳಲಿ, ಈ ಸುಟ್ಟ ಟ್ಯೂಬು ಬದಲಿಸಲು ಬೊಂಬಾಯಿಗೇ ಕಳುಹಿಸಬೇಕು, ಅದು ಬರುವಾಗ ಮದುವೆಯ ಕಾಲವೇ ಮುಗಿದಿರುತ್ತದೆ, ಸ್ಟುಡಿಯೋ ಹೋದರೆ ಮಕ್ಕಳಿಗೆ ಎಂತ ತಿನ್ನಿಸಲಿ ಎಂದು ಪಿಸುದನಿಯಲ್ಲಿ ಕೇಳಿದ. ನೀತಿಯ ಮಾತು ಹೇಳುವವರಿಗೆ ತಿಂಗಳ ಸಂಬಳ ಬರುತ್ತದೆ ಎಂದು ಅವನು ಹೇಳಲಿಲ್ಲವಾದರೂ ಅವರಿಗೆ ಕೇಳಿಸಿತು. ಅವರು ಮನಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸತೊಡಗಿದರು: ಮೊದಲು ಕ್ಯಾಮೆರಾದ ಸ್ಥಿತಿ, ಆಮೇಲೆ ಕಾರಣ, ಆಮೇಲೆ ತಮ್ಮ ಪಾಲು. ಮೂರನೆಯದಕ್ಕೆ ಬಂದಾಗಲೆಲ್ಲ ವಾಕ್ಯ ತುಂಡಾಗುತ್ತಿತ್ತು.

ಬಾಯಿ ಬಂದರು. ಜರಿಯಂಚಿನ ನೀಲಿ ರೇಷ್ಮೆ, ಕೊರಳಲ್ಲಿ ಚಿನ್ನದ ಶಿಲುಬೆ, ತೇವ ಮಾಡಿ ಬಾಚಿದ ನರೆಗೂದಲು. ಕಿಟಕಿಯ ಬಳಿಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಅಷ್ಟು ಸಿದ್ಧವಾಗಿ ಕುಳಿತ ಮುಖದ ಮುಂದೆ ರಮಾಮಣಿಯ ಮೊದಲ ವಾಕ್ಯವೇ ಹೊರಡಲಿಲ್ಲ.

ವಿಠಲ ಹಳೆಯ ಕ್ಯಾಮೆರಾವನ್ನು ಹೆಗಲಿಗೇರಿಸಿ ಕಿಂಡಿಗೆ ಕಣ್ಣಿಟ್ಟ. ಒಂದು ಹೆಜ್ಜೆ ಎಡಕ್ಕೆ ಸರಿದ. ಹಿಂದೆ ಹೋದ, ಮುಂದೆ ಬಂದ. ಬಾಯಿಯನ್ನು ತುಸು ಬಲಕ್ಕೆ ತಿರುಗಲು ಹೇಳಿದ. ರಮಾಮಣಿಗೆ ಅವನು ಏನು ಮಾಡುತ್ತಿದ್ದಾನೆಂದು ಕಾಣುತ್ತಿತ್ತು: ಗಾಯವನ್ನು ಹಿಂದಿನ ಕಪ್ಪು ಕದದ ಮೇಲೆ ಬೀಳಿಸಿ ಅಡಗಿಸಲು ನೋಡುತ್ತಿದ್ದ. ಹಾಗೆ ಮಾಡಿದರೆ ಬಾಯಿ ಚಿತ್ರದ ಅಂಚಿಗೆ ಹೋಗುತ್ತಿದ್ದರು.

"ನಾನು ನಡುವಿನಲ್ಲಿ ಇದ್ದೇನಲ್ಲ?" ಎಂದು ಬಾಯಿ ತುಟಿ ಅಲುಗಿಸದೆ ಕೇಳಿದರು.

ವಿಠಲ ಅವರನ್ನು ನಡುವಿಗೆ ತಂದ. ಗಾಯ ಬಾಯಿಯ ಎಡಗಣ್ಣಿನಿಂದ ಕೆನ್ನೆಯ ಮೇಲೆ ಹಾದಿರಬೇಕು. ಅವನು ಹಾಗೆಯೇ ನಿಂತುಬಿಟ್ಟ. ಬಡಗುಪೇಟೆಯ ಆ ಸ್ಟುಡಿಯೋದಿಂದ ಒಂದು ಮುಖವೂ ಕಲೆಯೊಡನೆ ಹೊರಗೆ ಹೋದದ್ದಿಲ್ಲ. ನೆಗೆಟಿವನ್ನು ಓರೆ ಮೇಜಿನ ಮೇಲಿಟ್ಟು, ಅಡಿಯಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಸಿಡುಬಿನ ಕುಳಿ, ಮೊಡವೆ, ಕಣ್ಣಡಿಯ ಕಪ್ಪುಗಳನ್ನೆಲ್ಲ ಅವನು ಗಂಟೆಗಟ್ಟಲೆ ಕೂತು ಅಳಿಸುತ್ತಿದ್ದ. ವರನ ಕಡೆಗೆ ಕಳುಹಿಸುವ ಫೋಟೋವಾಗಲಿ, ಸತ್ತವರ ಮನೆಯ ಗೋಡೆಗೆ ಹೋಗುವ ಫೋಟೋವಾಗಲಿ, ಅದಕ್ಕೆ ಅವನು ಬೇರೆ ಕೂಲಿ ಕೇಳಿದವನಲ್ಲ. ಟೇಪಿನೊಳಗೆ ಓಡುವ ಗೆರೆಗಳಿಗೆ ಯಾವ ಪೆನ್ಸಿಲೂ ತಾಗುವುದಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ಅವನು ಒಂದು ಮುಖದ ಮೇಲೆ ತಾನೇ ಕಲೆ ಹಾಕಿ, ಅದನ್ನು ಮಗನಿಗೆ ಕಳುಹಿಸಲು ನಿಂತಿದ್ದ.

ಅವನು ಕ್ಯಾಮೆರಾವನ್ನು ಹೆಗಲಿನಿಂದ ಇಳಿಸಿ ಮೇಜಿನ ಮೇಲಿಟ್ಟ.

"ಬಾಯಿ, ಇದರ ಕಣ್ಣು ಸುಟ್ಟಿದೆ. ನಾನೇ ಸುಟ್ಟದ್ದು. ಜಗಲಿಯಲ್ಲಿ ಸೂರ್ಯನಿಗೆ ತೋರಿಸಿದೆ."

ರಮಾಮಣಿ ಜೋಡಿಸಿಟ್ಟ ವಾಕ್ಯಗಳು ತಲೆಯಲ್ಲೇ ಉಳಿದವು. ಇಡೀ ಮಧ್ಯಾಹ್ನ ನ್ಯಾಯಾಧೀಶರಂತೆ ನಿಂತಿದ್ದ ತಮಗಿಂತ ಮೊದಲು, ಆರೋಪಿಯೇ ಎದ್ದು ಮಾತಾಡಿದ್ದ.

ಬಾಯಿ ಎದ್ದು ಬಂದು ಕಿಂಡಿಗೆ ಕಣ್ಣಿಟ್ಟು ನೋಡಿದರು. ಆಮೇಲೆ ಮಡಿಕೆ ಕೆಡದ ಸೀರೆಯ ಸೆರಗನ್ನು ಒಮ್ಮೆ ನೋಡಿಕೊಂಡು, ಶಾಂತವಾಗಿಯೇ ಕೇಳಿದರು: "ನೆವ್ರಿ ತಿನ್ನುವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದ ವಿಠಲ.

"ಟೀಚರಿಗೆ?"

"ಗೊತ್ತಿತ್ತು," ಎಂದರು ರಮಾಮಣಿ.

"ನಾನು ಸೀರೆ ಉಟ್ಟು ಬರುವವರೆಗೆ ಕಾದಿರಿ."

ವಿಠಲ ತಾನು ಹಳೆಯದನ್ನೇ ಒಯ್ಯುತ್ತೇನೆಂದೂ, ಒಪ್ಪಿದ ಬೆಲೆಯಲ್ಲಿ ಕಾಸಿನಷ್ಟೂ ಕಡಿಮೆ ಮಾಡುವುದಿಲ್ಲವೆಂದೂ ಹೊಸದನ್ನು ಪಡುಬಿದ್ರಿಯವರಿಗೆ ಕೊಡಬೇಕೆಂದೂ ಹೇಳಿದ. ಒಯ್ಯದೆ ಇಲ್ಲೇ ಬಿಟ್ಟುಹೋಗುತ್ತೀರಾ ಎಂಬಂತೆ ಬಾಯಿ ನೋಡಿದರು. ಉಪಕಾರವೆಂದು ಅದನ್ನು ಎಣಿಸುವ ಮನಸ್ಸು ಅವರಿಗಿರಲಿಲ್ಲ, ಎಣಿಸಬೇಕಾದದ್ದೂ ಇರಲಿಲ್ಲ. ಆದರೆ ಅಷ್ಟಕ್ಕೇ ಅವರು ಬಿಡಲಿಲ್ಲ. ಎಮ್ಮಾನು ತನ್ನ ಕೈಯಾರೆ ಬಳಸಿದ ಯಂತ್ರ. ಅದು ಹೇಗೆ ಹೋಯಿತೆಂದು ಅವನಿಗೆ ತಿಳಿಯಬೇಕು, ಸುಟ್ಟವರಿಂದಲೇ ತಿಳಿಯಬೇಕು. ಹೊಸ ಕ್ಯಾಮೆರಾದಲ್ಲಿ ಚಿತ್ರ ತೆಗೆಯಿರಿ, ವಿಠಲ ತಮ್ಮ ಪಕ್ಕದಲ್ಲಿ ನಿಲ್ಲಲಿ, ಟೀಚರು ತೆಗೆಯಲಿ ಎಂದು ಅವರು ಮತ್ತೆ ಕುರ್ಚಿಯಲ್ಲಿ ಕುಳಿತರು.

ವಿಠಲ ಅಕ್ಕನ ಹೆಗಲಿಗೆ ಹೊಸ ಕ್ಯಾಮೆರಾವನ್ನು ಇಟ್ಟು, ಒತ್ತಬೇಕಾದ ಗುಂಡಿಯನ್ನು ತೋರಿಸಿದ. ಅದು ಅವರು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಕಿಂಡಿಯೊಳಗೆ ಬೆರಳಗಲದ ಕಪ್ಪು ಬಿಳುಪು ತೆರೆ. ಅದರಲ್ಲಿ ಬಾಯಿ, ಅವರ ಪಕ್ಕದಲ್ಲಿ ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತ ಅವರ ತಮ್ಮ. ಬಾಯಿ ಕೊಂಕಣಿಯಲ್ಲಿ ಮಗನ, ಸೊಸೆಯ, ಮೊಮ್ಮಕ್ಕಳ ಸುಖ ವಿಚಾರಿಸಿದರು. ಆಮೇಲೆ ವಿಠಲನತ್ತ ಬೆರಳು ತೋರಿಸಿ, ಅವನಿಗೂ ತಿಳಿಯಲೆಂದು ತುಳುವಿಗೆ ತಿರುಗಿದರು.

"ಈ ಜನವನ್ನು ನೋಡಿಕೋ ಎಮ್ಮಾನು. ನೀನು ಮಗುವಿನ ಹಾಗೆ ನೋಡಿಕೊಂಡ ಕ್ಯಾಮೆರಾವನ್ನು ಸೂರ್ಯನಿಗೆ ಕೊಟ್ಟದ್ದು ಇವನೇ. ಉಡುಪಿಯಲ್ಲಿ ಫೋಟೋದ ಅಂಗಡಿ ಬೇರೆ ಉಂಟಂತೆ. ಈಗ ನೀನು ಹೇಳು ವಿಠಲ."

ವಿಠಲ ಹೇಳಿದ. ಅವನು ಅಳುಕದೆ, ಕ್ಯಾಮೆರಾವನ್ನೇ ನೋಡುತ್ತ, ಹೆಸರು, ಊರು, ಮಾಡಿದ ತಪ್ಪು, ಗೋಡೆಯ ಎದುರು ಕೂರಿಸಿದ್ದು, ಬಣ್ಣದ ಪರೀಕ್ಷೆಯೆಂದು ಸುಳ್ಳು ಹೇಳಿದ್ದು ಎಲ್ಲವನ್ನೂ ಹೇಳಿದ. ಸೂರ್ಯನಿಗೆ ತೋರಿಸಬಾರದೆಂದು ತನಗೆ ತಿಳಿದಿರಲಿಲ್ಲ ಎಂದ. ಯಾಕೆ ತಿಳಿದಿರಲಿಲ್ಲ ಎಂಬುದನ್ನು ಮಾತ್ರ ಹೇಳದೆ ನಿಲ್ಲಿಸಿದ.

ಅವನು ಅಲ್ಲಿ ನಿಲ್ಲಿಸಿದ್ದು ಅಕ್ಕನಿಗಾಗಿ. ಇನ್ನು ಗುಂಡಿ ಒತ್ತಿದರೆ ಟೇಪು ನಿಲ್ಲುತ್ತದೆ. ಮುಂದೆಂದೂ ಯಾರೂ ಕೇಳುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ರಮಾಮಣಿಯ ಬೆರಳು ಗುಂಡಿಯ ಮೇಲೆಯೇ ಇತ್ತು. ಕಿಂಡಿಯೊಳಗೆ ವಿಠಲ ಅವರನ್ನೇ ನೋಡುತ್ತಿದ್ದ.

"ಪುಸ್ತಕ ಓದಿದ್ದು ನಾನು," ಎಂದರು ಅವರು, ಕ್ಯಾಮೆರಾದ ಹಿಂದಿನಿಂದ. "ಅದರಲ್ಲಿ ಬರೆದಿತ್ತು. ಅವನು ಕೇಳಿದಾಗ ನಾನು ಹೇಳಲಿಲ್ಲ. ನಾನು ರಮಾಮಣಿ, ಅವನ ಅಕ್ಕ. ಟೀಚರು."

ಆಮೇಲೆ ಗುಂಡಿ ಒತ್ತಿದರು.

ಬಾಯಿ ಕ್ಯಾಸೆಟ್ಟನ್ನು ಅಲ್ಲಿಯೇ ಟೀವಿಯಲ್ಲಿ ಹಾಕಿಸಿ ಪೂರ್ತಿ ನೋಡಿದರು. ಚಿತ್ರ ತುಸು ನಡುಗಿತ್ತು, ಬಣ್ಣ ತುಸು ಪೇಲವವಾಗಿತ್ತು, ಮುಖದ ಮೇಲೆ ಕಲೆಯಿರಲಿಲ್ಲ. ಆ ಯಂತ್ರದ ಮೈಕು ಅದರ ಮೂಗಿನ ಮೇಲೆಯೇ ಇದ್ದುದರಿಂದ, ಎದುರು ಕುಳಿತವರ ಸ್ವರಕ್ಕಿಂತ ತೆಗೆಯುವವರ ಸ್ವರವೇ ದೊಡ್ಡದಾಗಿ ಬಂದಿತ್ತು. ರಮಾಮಣಿಯ ಮಾತುಗಳು ಆ ಪುಟ್ಟ ಕೋಣೆಯಲ್ಲಿ ತರಗತಿಯಲ್ಲಿ ಮೊಳಗಿದಂತೆ ಮೊಳಗಿದವು.

"ಟೀಚರ ಸ್ವರ ಬಹ್ರೈನಿಗೆ ಇಲ್ಲಿಂದಲೇ ಕೇಳಬಹುದು," ಎಂದರು ಬಾಯಿ. ಮುಖದಲ್ಲಿ ನಗೆಯಿರಲಿಲ್ಲ, ಆದರೆ ಕೋಪದ ಬಿಗಿ ಒಂದು ಎಳೆಯಷ್ಟು ಸಡಿಲವಾಗಿತ್ತು.

ಕ್ಯಾಸೆಟ್ಟು ಹೊರಗೆ ಬಂದಾಗ ಅವರು ಅದನ್ನು ವಿಠಲನ ಕೈಗೆ ಕೊಟ್ಟು, ದಾರಿಯಲ್ಲಿ ಯಾರಾದರೂ ಇದರ ಮೇಲೆ ಬೇರೇನಾದರೂ ತುಂಬಿಸಿಯಾರೆಂಬ ಭಯವಿದೆ, ಅದಕ್ಕೆ ಏನಾದರೂ ಉಪಾಯವುಂಟೇ ಎಂದು ಕೇಳಿದರು. ಇದೆ ಎಂದ ವಿಠಲ. ಕ್ಯಾಸೆಟ್ಟಿನ ಬೆನ್ನಂಚಿನಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ನಾಲಿಗೆಯನ್ನು ತೋರಿಸಿ, ಇದನ್ನು ಮುರಿದುಬಿಟ್ಟರೆ ಯಾವ ಯಂತ್ರವೂ ಅದರ ಮೇಲೆ ಮತ್ತೊಂದನ್ನು ಬರೆಯಲು ಒಪ್ಪುವುದಿಲ್ಲ ಎಂದು ವಿವರಿಸಿದ.

"ಹಾಗಾದರೆ ಮುರಿ," ಎಂದರು ಬಾಯಿ.

ವಿಠಲ ಅಕ್ಕನ ಕಡೆಗೆ ನೋಡಿದ. ರಮಾಮಣಿ ತಲೆಯಾಡಿಸಿದರು. ಅವನು ಹೆಬ್ಬೆರಳಿನ ಉಗುರನ್ನು ಆ ನಾಲಿಗೆಯ ಹಿಂದೆ ತೂರಿಸಿ ಒತ್ತಿದ. ಅದು ಟಕ್ಕೆಂದು ಮುರಿದು ನೆಲಕ್ಕೆ ಬಿತ್ತು.